ನೀರು ತಡೆಯುವುದು ರಬ್ಬರು, ನಟ್ಟಲ್ಲ

ಕಮೋಡಿನ ಹಿಂದಿನ ಫ್ಲಶ್ ಟ್ಯಾಂಕಿಗೆ ನೀರು ಬರುವ ದಾರಿ ಹೆಚ್ಚೆಂದರೆ ಒಂದೂವರೆ ಅಡಿ. ಗೋಡೆಯ ಟೈಲ್ಸಿನಿಂದ ಹೊರಚಾಚಿದ ಒಂದು ಪುಟ್ಟ ನಲ್ಲಿ, ಅಂಗಡಿಯ ಮಾತಿನಲ್ಲಿ ಆಂಗಲ್ ಕಾಕ್. ಅದರಿಂದ ಬಾಗಿ ಮೇಲೇರುವ ಬಿಳಿ ಪ್ಲಾಸ್ಟಿಕ್ಕಿನ ಅಥವಾ ಸ್ಟೀಲಿನ ಜಾಲರಿ ಹೊದ್ದ ಕನೆಕ್ಷನ್ ಪೈಪು. ಆ ಪೈಪು ಹೋಗಿ ಸೇರುವ ಟ್ಯಾಂಕಿನ ಬಾಯಿ. ಇಷ್ಟರಲ್ಲಿ ಕೂಡುಜಾಗಗಳು ಮೂರು. ಗೋಡೆಗೂ ಕಾಕಿಗೂ ನಡುವೆ ಒಂದು, ಕಾಕಿಗೂ ಪೈಪಿಗೂ ನಡುವೆ ಇನ್ನೊಂದು, ಪೈಪಿಗೂ ಟ್ಯಾಂಕಿಗೂ ನಡುವೆ ಮತ್ತೊಂದು. ಯಾರೂ ಸ್ನಾನ ಮಾಡದೆ, ನೀರು ಚೆಲ್ಲದೆ ಶೌಚಾಲಯದ ನೆಲ ಒದ್ದೆಯಾಗಿದ್ದರೆ ಮೊದಲ ಅನುಮಾನ ಈ ಮೂರರ ಮೇಲೆ ಬರಬೇಕು.

ಸೋರಿಕೆ ಕಂಡ ಕೂಡಲೇ ಹೆಚ್ಚಿನ ಮನೆಗಳಲ್ಲಿ ನಡೆಯುವ ಉಪಚಾರ ಒಂದೇ: ಸ್ಪ್ಯಾನರ್ ತಂದು ನಟ್ಟನ್ನು ಇನ್ನೊಂದು ಸುತ್ತು ಬಿಗಿಯುವುದು. ಉತ್ತರ ಕರ್ನಾಟಕದಲ್ಲಿ ಪಾನಾ ಎಂದು ಕರೆಸಿಕೊಳ್ಳುವ ಈ ಸಾಧನ ಕೈಗೆ ಬಂದರೆ ಬಲ ತೋರಿಸಬೇಕೆಂಬ ಹುಮ್ಮಸ್ಸೂ ಜೊತೆಗೇ ಬರುತ್ತದೆ. ತೊಟ್ಟಿಕ್ಕುವುದು ಎರಡು ದಿನ ನಿಲ್ಲುತ್ತದೆ, ಮೂರನೆಯ ದಿನ ಮತ್ತೆ ಶುರು. ಮತ್ತೊಂದು ಸುತ್ತು. ಕೊನೆಗೊಮ್ಮೆ ಪ್ಲಾಸ್ಟಿಕ್ ನಟ್ಟು ಟಪ್ಪೆಂದು ಸೀಳುತ್ತದೆ. ತೊಟ್ಟಿಕ್ಕುತ್ತಿದ್ದ ನೀರು ಆಗ ಚಿಮ್ಮತೊಡಗುತ್ತದೆ. ಮನೆಯ ನೀರಿನ ಅವಘಡಗಳಲ್ಲಿ ಬಹಳಷ್ಟು ಹುಟ್ಟುವುದು ಸೋರಿಕೆಯಿಂದಲ್ಲ, ಇಂಥ ರಿಪೇರಿಯಿಂದ.

ಕನೆಕ್ಷನ್ ಪೈಪಿನ ತುದಿಯಲ್ಲಿ ನೀರನ್ನು ತಡೆದು ನಿಲ್ಲಿಸುವುದು ನಟ್ಟಿನೊಳಗಿನ ಥ್ರೆಡ್ಡಲ್ಲ. ನಟ್ಟಿನ ತಳದಲ್ಲಿ ಕುಳಿತ ರಬ್ಬರ್ ವಾಷರ್. ಪ್ರೆಶರ್ ಕುಕ್ಕರನ್ನು ನೆನೆದರೆ ಸಾಕು. ಅಲ್ಲಿ ಉಗಿಯನ್ನು ಹಿಡಿದಿಡುವುದು ಮುಚ್ಚಳವಲ್ಲ, ಮುಚ್ಚಳದಡಿಯ ಗ್ಯಾಸ್ಕೆಟ್. ಗ್ಯಾಸ್ಕೆಟ್ ಹಳತಾಗಿ ಗಡಸಾದರೆ ಮುಚ್ಚಳವನ್ನು ಎಷ್ಟು ಅದುಮಿದರೂ ಉಗಿ ಪಕ್ಕದಿಂದ ನುಸುಳುತ್ತದೆ. ಇಲ್ಲಿಯೂ ಅಷ್ಟೇ. ವಾಷರನ್ನು ಎದುರಿನ ಸಮತಟ್ಟಾದ ಅಂಚಿಗೆ ಒತ್ತಿ ಹಿಡಿಯುವುದಷ್ಟೇ ನಟ್ಟಿನ ಕೆಲಸ. ಮೆತ್ತಗಿರುವ ವಾಷರಿಗೆ ಕೈಬೆರಳ ಬಿಗಿಯೇ ಹೆಚ್ಚುಕಡಿಮೆ ಸಾಕಾಗುತ್ತದೆ. ಸೀಳಿದ, ಚಪ್ಪಟೆಯಾದ, ಕಲ್ಲಾದ ವಾಷರಿಗೆ ಯಾವ ಬಿಗಿಯೂ ಸಾಲದು.

ಗೋಡೆಯ ಕಡೆಯ ಕೂಡುಜಾಗದ ಸ್ವಭಾವ ಬೇರೆ. ಆಂಗಲ್ ಕಾಕಿನ ಹಿಂಬದಿಯ ಥ್ರೆಡ್ ಗೋಡೆಯೊಳಗಿನ ಹಿತ್ತಾಳೆಯ ಎಲ್ಬೋಗೆ ತಿರುಗಿ ಕೂರುತ್ತದೆ. ಅಲ್ಲಿ ವಾಷರ್ ಇಲ್ಲ. ಥ್ರೆಡ್ಡುಗಳ ಸಂದಿಯೇ ನೀರಿನ ದಾರಿ, ಆ ಸಂದಿಯನ್ನು ತುಂಬಲು ಬಿಳಿ ಟೆಫ್ಲಾನ್ ಟೇಪ್ ಬೇಕು. ವಾಷರ್ ಇರುವಲ್ಲಿ ಟೇಪಿನ ಕೆಲಸವಿಲ್ಲ, ಟೇಪ್ ಬೇಕಾದಲ್ಲಿ ವಾಷರ್ ಕೂರುವುದಿಲ್ಲ. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ರಿಪೇರಿ ತಿಳಿದಂತೆ. ಕನೆಕ್ಷನ್ ಪೈಪಿನ ನಟ್ಟಿಗೆ ಹತ್ತು ಸುತ್ತು ಟೇಪ್ ಸುತ್ತಿ ಕೂರಿಸಿದ್ದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಅದರಿಂದ ಉಪಯೋಗವಿಲ್ಲ, ಟೇಪಿನ ದಪ್ಪಕ್ಕೆ ನಟ್ಟು ಅರ್ಧದಲ್ಲೇ ಬಿಗಿಯಾಗಿ, ವಾಷರ್ ಅಂಚಿಗೆ ತಾಗದೆ ಉಳಿದರೆ ಸೋರಿಕೆ ಹೆಚ್ಚುವುದೂ ಉಂಟು.

ಈ ಥ್ರೆಡ್ಡಿಗೊಂದು ಹಳೆಯ ಕಥೆಯಿದೆ. ಅಂಗಡಿಯಲ್ಲಿ ಕೇಳುವುದು ‘ಹಾಫ್ ಇಂಚ್’ ಆಂಗಲ್ ಕಾಕ್. ಮನೆಗೆ ತಂದು ಸ್ಕೇಲ್ ಇಟ್ಟರೆ ಥ್ರೆಡ್ಡಿನ ಹೊರ ಅಗಲ ಸುಮಾರು 21 ಮಿಲಿಮೀಟರ್, ಎಂದರೆ ಮುಕ್ಕಾಲು ಇಂಚಿಗಿಂತಲೂ ಹೆಚ್ಚು. ಅಂಗಡಿಯವನು ಮೋಸ ಮಾಡಿಲ್ಲ. ಅರ್ಧ ಇಂಚು ಎಂಬುದು ಹಿಂದಿನ ದಪ್ಪ ಕಬ್ಬಿಣದ ಪೈಪಿನ ಒಳಗಂಡಿಯ ಅಳತೆ. ಪೈಪು ಹೋಯಿತು, ಹೆಸರು ಉಳಿಯಿತು. ಕಾರ್ಖಾನೆಗೊಂದು ಬಗೆಯ ತಿರುಪು ಇದ್ದ ಕಾಲದಲ್ಲಿ, 1841ರಲ್ಲಿ, ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಬಗೆಯ, 55 ಡಿಗ್ರಿ ಕೋನದ ಥ್ರೆಡ್ ಇರಲಿ ಎಂದು ಸೂಚಿಸಿದ. ನಮ್ಮ ಪೈಪಿನ ಥ್ರೆಡ್ಡುಗಳು ಇವತ್ತಿಗೂ ಅದೇ ಆಕಾರದವು. ಅರ್ಧ ಇಂಚಿನದಕ್ಕೆ ಇಂಚಿಗೆ 14 ಸುತ್ತು. 1956ರ ಕಾನೂನಿನ ಮೂಲಕ ನಮ್ಮ ದೇಶ ಮೆಟ್ರಿಕ್ ಅಳತೆಗೆ ಹೊರಳಿತು, ಸೇರು ಹೋಯಿತು, ಮಣ ಹೋಯಿತು. ನಲ್ಲಿಯ ಅಂಗಡಿಯಲ್ಲಿ ಮಾತ್ರ ಅರ್ಧ ಇಂಚು, ಮುಕ್ಕಾಲು ಇಂಚು ಹಾಗೆಯೇ ಕುಳಿತಿವೆ. ಒಂದು ಊರಿನಲ್ಲಿ ಕೊಂಡ ಪೈಪು ಇನ್ನೊಂದು ಊರಿನಲ್ಲಿ ತಯಾರಾದ ಟ್ಯಾಂಕಿಗೆ ಸಲೀಸಾಗಿ ಕೂರುವುದು ಈ ಹಟದ ಒಳ್ಳೆಯ ಫಲ.

ತೊಟ್ಟಿಕ್ಕುವುದನ್ನು ಅಳೆಯುವ ಬಗೆ

ಹನಿ ನೀರು ಎಷ್ಟಾದೀತು ಎಂಬ ಉದಾಸೀನಕ್ಕೆ ಮಗ್ಗಿನಲ್ಲಿ ಉತ್ತರವಿದೆ. ಸೋರುವ ಜಾಗದ ಕೆಳಗೆ ಮಗ್ ಇಟ್ಟು ಹತ್ತು ನಿಮಿಷ ಬಿಟ್ಟು, ಸಿಕ್ಕ ನೀರನ್ನು ಔಷಧದ ಅಳತೆಯ ಮುಚ್ಚಳದಲ್ಲಿ ಅಳೆದು 144ರಿಂದ ಗುಣಿಸಿದರೆ ದಿನದ ಲೆಕ್ಕ. ಹತ್ತು ನಿಮಿಷಕ್ಕೆ ಬರೀ 50 ಮಿಲಿಲೀಟರ್ ಸಿಕ್ಕರೂ ದಿನಕ್ಕೆ 7 ಲೀಟರ್ ದಾಟುತ್ತದೆ, ವರ್ಷಕ್ಕೆ 2,600 ಲೀಟರ್ ಮೀರುತ್ತದೆ. ಬೆಂಗಳೂರಿನ ಮಟ್ಟಿಗೆ ಇದು ಸುಮ್ಮನೆ ಬಂದ ನೀರಲ್ಲ. ಕಾವೇರಿ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ತರಲಾಗುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪು ಮೋಟರುಗಳ ನಷ್ಟವನ್ನು ಬಿಟ್ಟರೂ, 1.3 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. 2024ರ ಬೇಸಿಗೆಯಲ್ಲಿ ಇದೇ ನಗರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಬೆಟ್ಟದಷ್ಟು ಎತ್ತರ ಏರಿ ಬಂದ ನೀರು ಕಮೋಡಿನ ಹಿಂದಿನಿಂದ ನೆಲದ ಜಾಲಿಗೆ ಇಳಿದುಹೋದರೆ ಕೇಳುವವರಿಲ್ಲ.

ಸೋರಿಕೆ ಇದೆಯೋ ಇಲ್ಲವೋ ಎಂದೇ ಅನುಮಾನವಿದ್ದಾಗ ಮೀಟರ್ ನೋಡುವುದು ಪುಸ್ತಕದ ಸಲಹೆ. ನಮ್ಮ ಮನೆಗಳಲ್ಲಿ ಅದು ಅಷ್ಟಾಗಿ ಫಲಿಸದು. ಮೀಟರಿನಿಂದ ನೀರು ನೇರ ನಲ್ಲಿಗೆ ಬಾರದೆ ಸಂಪಿಗೆ ಬೀಳುತ್ತದೆ, ಸಂಪಿನಿಂದ ಮೋಟರ್ ಏರಿಸಿ ತಾರಸಿಯ ಟ್ಯಾಂಕಿಗೆ ಹೋಗುತ್ತದೆ. ಆದ್ದರಿಂದ ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ತಾರಸಿಯ ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕೋಲನ್ನು ಇಳಿಸಿ ನೀರಿನ ಮಟ್ಟ ಗುರುತು ಮಾಡಿಕೊಳ್ಳಬೇಕು. ಮೋಟರ್ ಹಾಕದೆ, ನೀರು ಬಳಸದೆ ಬೆಳಿಗ್ಗೆ ನೋಡಿದಾಗ ಮಟ್ಟ ಇಳಿದಿದ್ದರೆ ಮನೆಯಲ್ಲಿ ಎಲ್ಲೋ ಸೋರಿಕೆ ಇದ್ದೇ ಇದೆ.

ಒತ್ತಡದ ಲೆಕ್ಕವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೀರಿನ ಮಟ್ಟ ಹತ್ತು ಮೀಟರ್ ಮೇಲಿದ್ದರೆ ಕೆಳಗಿನ ನಲ್ಲಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕು ಮೂರು ಮೀಟರ್ ಮೇಲಿದ್ದರೆ ಒತ್ತಡ ಅದರ ಮೂರನೆಯ ಒಂದು ಭಾಗದಷ್ಟೂ ಇರದು. ಹತ್ತು ಅಂತಸ್ತಿನ ಕಟ್ಟಡದ ಕೆಳಮನೆಯಲ್ಲಿ, ನಡುವೆ ಒತ್ತಡ ತಗ್ಗಿಸುವ ವಾಲ್ವ್ ಇಲ್ಲದಿದ್ದರೆ, ಆ ಒಂದು ಕಿಲೋದ ಸುಮಾರು ಮೂರು ಪಟ್ಟು. ಷವರ್ ಜೋರಾಗಿ ಬರಲೆಂದು ತಾರಸಿಯಲ್ಲಿ ಪ್ರೆಶರ್ ಪಂಪ್ ಕೂರಿಸಿದ ವಾರದಲ್ಲೇ ಹತ್ತು ವರ್ಷ ತೆಪ್ಪಗಿದ್ದ ಕನೆಕ್ಷನ್ ಪೈಪು ಸೋರಲಾರಂಭಿಸಿದರೆ ಅದು ಕಾಕತಾಳೀಯವಲ್ಲ. ಇನ್ನೊಂದು ಸೂಕ್ಷ್ಮ: ಫ್ಲಶ್ ಟ್ಯಾಂಕ್ ತುಂಬುತ್ತಿರುವಾಗ ನೀರು ಹರಿಯುತ್ತಿರುವುದರಿಂದ ಪೈಪಿನೊಳಗಿನ ಒತ್ತಡ ಕಡಿಮೆ. ತುಂಬಿ, ಒಳಗಿನ ವಾಲ್ವ್ ಮುಚ್ಚಿದ ಮೇಲೆ ಪೂರ್ತಿ ಒತ್ತಡ ಕೂಡುಜಾಗಗಳ ಮೇಲೆ ಬೀಳುತ್ತದೆ. ಫ್ಲಶ್ ಮಾಡಿದೊಡನೆ ಬಗ್ಗಿ ನೋಡಿ ಏನೂ ಇಲ್ಲವೆಂದು ಎದ್ದವರಿಗೆ ಅರ್ಧ ಗಂಟೆಯಲ್ಲಿ ನೆಲ ಮತ್ತೆ ಒದ್ದೆಯಾಗಿ ಕಾಣುವುದು ಇದಕ್ಕೇ. ಸೋರುವ ಪೈಪಿನ ಒತ್ತಡ ತಗ್ಗಲೆಂದು ಟ್ಯಾಂಕಿನೊಳಗಿನ ತೇಲುಚೆಂಡನ್ನು ಮೇಲೆತ್ತಿ ದಾರದಲ್ಲಿ ಕಟ್ಟುವ ಉಪಾಯವೂ ಈ ಕಾರಣಕ್ಕೆ ತಿರುಗುಬಾಣವಾಗುತ್ತದೆ.

ಎಲ್ಲಿಂದ ಎಂಬ ಪತ್ತೆ

ನೀರು ತಾನು ಹುಟ್ಟಿದ ಜಾಗದಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಟ್ಯಾಂಕಿನ ತಳದಲ್ಲಿ ಒಸರಿದ ಹನಿ ಪೈಪಿನ ಮೈಹಿಡಿದು ಇಳಿದು, ಆಂಗಲ್ ಕಾಕಿನ ಹಿಡಿಕೆಯ ತುದಿಯಿಂದ ಬೀಳುತ್ತದೆ. ನೋಡಿದವರು ಕಾಕ್ ಹಾಳಾಗಿದೆ ಎಂದು ಹೊಸದು ತರುತ್ತಾರೆ. ಪತ್ತೆಯ ಕ್ರಮ ಬಹಳ ಸರಳ. ಒಣಬಟ್ಟೆಯಿಂದ ಟ್ಯಾಂಕಿನ ತಳ, ಪೈಪು, ಕಾಕು, ಗೋಡೆ ಎಲ್ಲವನ್ನೂ ಒರೆಸಿ, ಮೂರೂ ಕೂಡುಜಾಗಗಳಿಗೆ ಟಿಶ್ಯೂ ಕಾಗದದ ಚೂರನ್ನು ಸುತ್ತಿ ಬಿಡಬೇಕು. ಟಿಶ್ಯೂ ಇಲ್ಲದಿದ್ದರೆ ನಿನ್ನೆಯ ಪೇಪರ್ ಆದೀತು. ಅರ್ಧ ಗಂಟೆಯ ನಂತರ ಒದ್ದೆಯಾದ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಅಪರಾಧಿ. ಕೆಳಗಿನವು ಮೇಲಿನ ನೀರು ಕುಡಿದವು.

ಟ್ಯಾಂಕಿಗೆ ನೀರು ತರುವ ಕಡೆ ಸೋರುತ್ತಿದೆಯೋ, ಟ್ಯಾಂಕಿನಿಂದ ಕಮೋಡಿಗೆ ಇಳಿಯುವ ಕಡೆಯೋ ಎಂಬ ಗೊಂದಲವನ್ನು ಬಟ್ಟೆಗೆ ಹಾಕುವ ನೀಲಿ ಬಗೆಹರಿಸುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ನಾಲ್ಕು ಹನಿ ನೀಲಿ ಹಾಕಿ, ಫ್ಲಶ್ ಮಾಡದೆ ಕಾಯಬೇಕು. ನೆಲಕ್ಕೆ ಬಿದ್ದ ನೀರು ನೀಲಿಯಾಗಿದ್ದರೆ ಅದು ಟ್ಯಾಂಕನ್ನು ಹೊಕ್ಕು ಹೊರಬಂದ ನೀರು. ಟ್ಯಾಂಕನ್ನು ಹಿಡಿದಿರುವ ಬೋಲ್ಟಿನ ವಾಷರೋ ಕಮೋಡಿಗೆ ಇಳಿಯುವ ಕೊಳವೆಯೋ ಸಡಿಲಾಗಿದೆ. ನೀರು ತಿಳಿಯಾಗಿದ್ದರೆ ದೋಷ ಕನೆಕ್ಷನ್ನಿನದು. ನೆಲ ಒಣಗಿದ್ದು ಕಮೋಡಿನೊಳಗಿನ ನೀರು ನೀಲಿಯಾದರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಹೊರಗೆ ಒಂದು ಹನಿಯೂ ತೋರದೆ ಅತಿ ಹೆಚ್ಚು ನೀರು ಪೋಲಾಗುವುದು ಹೀಗೆ.

ಕೂಡುಜಾಗಗಳ ಮೇಲಿನ ಕರೆಯೂ ಮಾತಾಡುತ್ತದೆ. ಬಿಳಿ ಹರಳುಗಟ್ಟಿದ ಕರೆ ಇದ್ದರೆ ಅಲ್ಲಿ ತಿಂಗಳುಗಟ್ಟಲೆ ಸಣ್ಣಗೆ ಒಸರಿದ ನೀರು ಆರಿ, ಸುಣ್ಣವನ್ನು ಬಿಟ್ಟುಹೋಗಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಇದು ಬೇಗ ಕಟ್ಟುತ್ತದೆ. ಹಸಿರು ಕರೆ ಹಿತ್ತಾಳೆಯೊಳಗಿನ ತಾಮ್ರದ್ದು. ಕಂದು ಕರೆ ಹಳೆಯ ಜಿಐ, ಎಂದರೆ ಕಬ್ಬಿಣದ, ಪೈಪಿನ ತುಕ್ಕು, ಅಲ್ಲಿ ಪಾನಾ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು. ಚಳಿದೇಶಗಳಲ್ಲಿ ತಣ್ಣನೆಯ ಟ್ಯಾಂಕಿನ ಹೊರಮೈ ಬೆವರಿ ನೆಲ ಒದ್ದೆಯಾಗುವುದುಂಟು. ಬಿಸಿಲಿಗೆ ಕಾಯುವ ತಾರಸಿ ಟ್ಯಾಂಕಿನ ನೀರು ಬಳಸುವ ನಮ್ಮಲ್ಲಿ ಅದು ಅಪರೂಪ.

ಬಿಚ್ಚುವುದು, ಕೂರಿಸುವುದು

ಪೈಪಿನ ಎರಡು ತುದಿಗಳಲ್ಲಿ ಒಂದರ ದೋಷವೆಂದು ಖಚಿತವಾದರೆ ಕೆಲಸ ಅರ್ಧ ಗಂಟೆಯದು. ಆಂಗಲ್ ಕಾಕನ್ನು ಬಲಕ್ಕೆ ತಿರುಗಿಸಿ ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಬೇಕು. ಮತ್ತೆ ನೀರು ತುಂಬುತ್ತಿದ್ದರೆ ಕಾಕ್ ಪೂರ್ತಿ ಮುಚ್ಚುತ್ತಿಲ್ಲ; ಆಗ ತಾರಸಿಯ ವಾಲ್ವನ್ನೇ ಮುಚ್ಚಬೇಕಾಗುತ್ತದೆ. ಮನೆ ಕಟ್ಟಿದ ದಿನದಿಂದ ಯಾರೂ ಮುಟ್ಟದ ಹಿತ್ತಾಳೆಯ ಗೇಟ್ ವಾಲ್ವ್ ಆ ದಿನವೇ ತಿರುಗಲೊಲ್ಲೆ ಎನ್ನುವುದು ಸಾಮಾನ್ಯ. ಬಲವಂತ ಮಾಡಿದರೆ ಒಳಗಿನ ಕಡ್ಡಿ ಮುರಿದು ಕೈಯಲ್ಲಿ ಚಕ್ರ ಮಾತ್ರ ಉಳಿಯುತ್ತದೆ. ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತ ಬಿಡಿಸಿಕೊಳ್ಳುವುದೇ ದಾರಿ.

ನೆಲದ ಜಾಲಿಯ ಮೇಲೆ ಒಂದು ಬಟ್ಟೆ ಹಾಸಬೇಕು. ಕೈಜಾರಿದ ವಾಷರ್ ಉರುಳಿ ಹೋಗುವುದು ಸೀದಾ ಅಲ್ಲಿಗೇ. ಪೈಪಿನ ಕೆಳಗೆ ಮಗ್ ಇಡಬೇಕು, ಪೈಪಿನೊಳಗೆ ಉಳಿದ ನೀರು ಬಿಚ್ಚಿದ ಕೂಡಲೇ ಇಳಿಯುತ್ತದೆ. ಇನ್ನು ಎಲ್ಲಕ್ಕಿಂತ ಮುಖ್ಯವಾದುದು: ಕಾಕಿನ ಕಡೆಯ ನಟ್ಟನ್ನು ತಿರುಗಿಸುವಾಗ ಕಾಕಿನ ಮೈಯನ್ನು ಇನ್ನೊಂದು ಸ್ಪ್ಯಾನರಿನಿಂದ ಅಥವಾ ಇನ್ನೊಂದು ಕೈಯಿಂದ ಅಲುಗದಂತೆ ಹಿಡಿಯಬೇಕು. ಹಿಡಿಯದೆ ತಿರುಗಿಸಿದರೆ ನಟ್ಟಿನ ಜೊತೆ ಕಾಕೂ ಗೋಡೆಯಲ್ಲಿ ಒಂದಿಷ್ಟು ತಿರುಗುತ್ತದೆ. ಅಲ್ಲಿಯ ಟೇಪ್ ಹರಿದು, ಇಲ್ಲಿಯ ಸೋರಿಕೆ ನಿಂತು ಗೋಡೆಯೊಳಗೆ ಹೊಸದೊಂದು ಹುಟ್ಟುತ್ತದೆ. ಹೊರಗೆ ಸೋರುವುದು ನೆಲ ಒರೆಸುವ ತೊಂದರೆ, ಒಳಗೆ ಸೋರುವುದು ಟೈಲ್ಸ್ ಒಡೆಯುವ ತೊಂದರೆ. ಟ್ಯಾಂಕಿನ ಕಡೆಯೂ ಇದೇ ಎಚ್ಚರ ಬೇಕು. ಅಲ್ಲಿ ಒಂದರ ಮೇಲೊಂದು ಎರಡು ನಟ್ಟುಗಳಿರುತ್ತವೆ. ಮೇಲಿನ ಚೆಕ್ ನಟ್ ಒಳಗಿನ ವಾಲ್ವನ್ನು ಟ್ಯಾಂಕಿಗೆ ಬಿಗಿದಿದ್ದು, ಕೆಳಗಿನದು ಪೈಪಿನದು. ಬಿಚ್ಚಬೇಕಾದುದು ಕೆಳಗಿನದನ್ನು, ವಾಲ್ವಿನ ಬುಡ ಟ್ಯಾಂಕಿನೊಳಗೆ ತಿರುಗದಂತೆ ಒಂದು ಕೈ ಒಳಗಿರಲಿ.

ಬಿಚ್ಚಿದ ಮೇಲೆ ವಾಷರನ್ನು ಉಗುರಿನಿಂದ ಒತ್ತಿ ನೋಡಬೇಕು. ಉಗುರು ಊರಿ ಮತ್ತೆ ಸಮವಾದರೆ ಅದಿನ್ನೂ ಬದುಕಿದೆ. ಎದುರಿನ ಅಂಚಿನ ಉಂಗುರಗುರುತು ಆಳವಾಗಿ ಬಿದ್ದು, ರಬ್ಬರ್ ಗಡಸಾಗಿ ಹೊಳೆಯುತ್ತಿದ್ದರೆ ಬಿಸಾಡಬೇಕು. ಕೆಲವೊಮ್ಮೆ ವಾಷರೇ ಇರುವುದಿಲ್ಲ, ಅಥವಾ ಒಂದರ ಮೇಲೊಂದು ಎರಡು ಹಾಕಿರುತ್ತಾರೆ. ಎರಡೂ ತಪ್ಪು. ವಾಷರ್ ಕೂರುವ ಅಂಚಿನ ಮೇಲೆ ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲೋ ನಿಂಬೆರಸದಲ್ಲೋ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಿಡುತ್ತದೆ. ಚಾಕುವಿನಿಂದ ಕೆರೆದರೆ ಅಂಚಿನಲ್ಲಿ ಗೀರು ಬಿದ್ದು ಅದೇ ನೀರಿನ ಕಾಲುವೆಯಾಗುತ್ತದೆ.

ವಾಷರಿನ ಜಾಗಕ್ಕೆ ವಾಷರ್ ಹಾಕುವುದು ಸಾಧ್ಯ. ಆದರೆ ಪೈಪು ಹಳತಾಗಿದ್ದರೆ ಪೂರ್ತಿ ಬದಲಿಸುವುದೇ ಮೇಲು. ಹಳೆಯದನ್ನು ಕೈಯಲ್ಲೇ ಹಿಡಿದು ಅಂಗಡಿಗೆ ಹೋದರೆ ಅಳತೆಯ ತಕರಾರಿಲ್ಲ. ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ಇಂಚಿನವು ಸಾಮಾನ್ಯವಾಗಿ ಸಿಗುತ್ತವೆ. ಜಗ್ಗಿ ಕೂರಿಸಬೇಕಾದಷ್ಟು ಗಿಡ್ಡದ್ದೂ ಮಡಚಿ ಸುಕ್ಕಾಗುವಷ್ಟು ಉದ್ದದ್ದೂ ಬೇಡ. ಸಡಿಲವಾಗಿ ಒಂದು ಬಾಗು ಬರುವಷ್ಟು ಇರಬೇಕು. ಬಿಳಿ ಪ್ಲಾಸ್ಟಿಕ್ಕಿನ ಪೈಪು ಅಗ್ಗ, ಕಡಿಮೆ ಒತ್ತಡದ ಮನೆಗೆ ಸಾಕು. ಸ್ಟೀಲ್ ಜಾಲರಿಯದ್ದು ಗಟ್ಟಿ ಎಂಬ ನಂಬಿಕೆ ಇದೆ, ಅದಕ್ಕೊಂದು ಷರತ್ತೂ ಇದೆ. ಒಳಗಿನ ರಬ್ಬರ್ ಕೊಳವೆಗೆ ಒತ್ತಡ ತಾಳುವ ಶಕ್ತಿ ಬರುವುದು ಹೊರಗಿನ ಜಾಲರಿಯಿಂದ. ಆ ಜಾಲರಿಯ ಶತ್ರು ಅದೇ ಕೋಣೆಯಲ್ಲಿದೆ. ಕಮೋಡ್ ತೊಳೆಯುವ ನೀಲಿ ದ್ರವಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಬಾಟಲಿಯ ಮುಚ್ಚಳ ಸಡಿಲಬಿಟ್ಟು ಕಮೋಡಿನ ಹಿಂದೆ ನಿಲ್ಲಿಸಿದರೆ ಅದರ ಹೊಗೆ ತಿಂಗಳುಗಟ್ಟಲೆ ತಾಗಿ ಸ್ಟೀಲಿನ ಎಳೆಗಳನ್ನು ಒಂದೊಂದಾಗಿ ತಿನ್ನುತ್ತದೆ. ತೊಳೆಯುವಾಗ ಪೈಪಿಗೆ ಸಿಡಿದ ಹನಿಯೂ, ಬ್ಲೀಚಿಂಗ್ ಪುಡಿಯೂ ಅದನ್ನೇ ಮಾಡುತ್ತವೆ. ಬೆರಳಾಡಿಸಿದಾಗ ಮುರಿದ ಎಳೆ ಚುಚ್ಚಿದರೆ, ತುಕ್ಕಿನ ಚುಕ್ಕೆ ಕಂಡರೆ, ಸೋರದಿದ್ದರೂ ಆ ಪೈಪನ್ನು ಅಂದೇ ಬದಲಿಸಬೇಕು. ಅದು ತೊಟ್ಟಿಕ್ಕಿ ಎಚ್ಚರಿಸುವ ಜಾತಿಯಲ್ಲ, ಒಮ್ಮೆಲೇ ಒಡೆಯುವ ಜಾತಿ.

ಹೊಸ ಪೈಪನ್ನು ಮೊದಲು ಕಾಕಿಗೆ ಜೋಡಿಸಿ, ಇನ್ನೊಂದು ತುದಿಯನ್ನು ಬಕೆಟ್ಟಿಗೆ ಹಿಡಿದು ಎರಡು ಕ್ಷಣ ನೀರು ಬಿಡುವುದು ಒಳ್ಳೆಯ ಪ್ಲಂಬರುಗಳ ರೂಢಿ. ರಿಪೇರಿಯ ಗಡಿಬಿಡಿಯಲ್ಲಿ ಎದ್ದ ಮರಳು, ಸುಣ್ಣದ ಚೂರುಗಳು ಆಗ ಹೊರಹೋಗುತ್ತವೆ. ಇಲ್ಲವಾದರೆ ಟ್ಯಾಂಕಿನ ವಾಲ್ವಿಗೆ ಸಿಕ್ಕಿ ಅದು ಮುಚ್ಚದಂತಾಗುತ್ತದೆ. ಆಮೇಲೆ ಟ್ಯಾಂಕಿನ ತುದಿ. ನಟ್ಟನ್ನು ಬೆರಳಿನಿಂದಲೇ ತಿರುಗಿಸಬೇಕು; ಓರೆಯಾಗಿ ಕಚ್ಚಿಕೊಂಡರೆ ಮೊದಲ ಸುತ್ತಿನಲ್ಲೇ ಬಿಗಿಯೆನಿಸುತ್ತದೆ, ಬಿಚ್ಚಿ ಮತ್ತೆ ಹಿಡಿಯಬೇಕು. ಬೆರಳಿಗೆ ಇನ್ನು ತಿರುಗದು ಎನ್ನುವಲ್ಲಿಂದ ಸ್ಪ್ಯಾನರಿನಲ್ಲಿ ಕಾಲು ಸುತ್ತು. ಅಲ್ಲಿಗೆ ನಿಲ್ಲಿಸಬೇಕು. ಕಾಕನ್ನು ನಿಧಾನವಾಗಿ ತೆರೆದು, ಒಳಗಿನ ಗಾಳಿ ಬುಸುಗುಟ್ಟಿ ಹೋದ ಮೇಲೆ ಪೂರ್ತಿ ಬಿಟ್ಟು, ಟ್ಯಾಂಕ್ ತುಂಬಿದ ಬಳಿಕ ಒರೆಸಿ, ಮತ್ತೆ ಕಾಗದ ಸುತ್ತಿ ನೋಡಬೇಕು. ತುಸು ಪಸೆ ಕಂಡರೆ ಸುತ್ತಿನ ಎಂಟನೆಯ ಒಂದು ಭಾಗದಷ್ಟು ಇನ್ನೂ ಬಿಗಿಯಬೇಕು. ಆಗಲೂ ನಿಲ್ಲದಿದ್ದರೆ ಬಿಗಿಯುವ ಬದಲು ಬಿಚ್ಚಿ ವಾಷರ್ ನೆಟ್ಟಗೆ ಕೂತಿದೆಯೇ ಎಂದು ನೋಡಬೇಕು.

ಕಾಕಿನ ಹಿಡಿಕೆಯ ಬುಡದಲ್ಲಿ ಒಸರುತ್ತಿದ್ದರೆ ಒಳಗಿನ ಸ್ಪಿಂಡಲ್ ಸವೆದಿದೆ. ಹಲವು ಸುತ್ತು ತಿರುಗುವ ಹಳೆಯ ಬಗೆಯಲ್ಲಿ ಹಿಡಿಕೆಯ ಕೆಳಗಿನ ನಟ್ಟನ್ನು ಚೂರೇ ಬಿಗಿದರೆ ನಿಲ್ಲಬಹುದು. ಕಾಲು ಸುತ್ತಿಗೇ ತೆರೆಯುವ ಹೊಸ ಬಗೆಯಲ್ಲಿ ಸ್ಪಿಂಡಲನ್ನೇ ಬದಲಿಸಬೇಕು.

ಕಾಕನ್ನೇ ಗೋಡೆಯಿಂದ ತೆಗೆಯಬೇಕಾಗಿ ಬಂದರೆ ತಾರಸಿಯ ವಾಲ್ವ್ ಮುಚ್ಚದೆ ಕೈಹಾಕುವಂತಿಲ್ಲ. ತೆಗೆದ ಮೇಲೆ ಗೋಡೆಯೊಳಗಿನ ಥ್ರೆಡ್ಡಿನಿಂದ ಹಳೆಯ ಟೇಪಿನ ಚಿಂದಿಗಳನ್ನು ಪೂರ್ತಿ ಬಿಡಿಸಬೇಕು. ಹೊಸ ಟೇಪನ್ನು ಕಾಕಿನ ಥ್ರೆಡ್ಡಿಗೆ, ಅದರ ತುದಿಯನ್ನು ತನ್ನತ್ತ ಹಿಡಿದು ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ತಿರುಗಿ ಕೂರುವಾಗ ಟೇಪ್ ಬಿಗಿಯುತ್ತದೆ. ಎದುರು ದಿಕ್ಕಿಗೆ ಸುತ್ತಿದ್ದು ಬಿಚ್ಚಿಕೊಂಡು ಹೊರಗೆ ಉಂಡೆಗಟ್ಟುತ್ತದೆ. ತುದಿಯ ಒಂದು ಥ್ರೆಡ್ ಬಿಟ್ಟು, ಎಳೆದು ಹಿಡಿದು, ತೆಳುವಾದ ಟೇಪಾದರೆ ಹತ್ತು ಹನ್ನೆರಡು ಸುತ್ತಾದರೂ ಹಾಕುವುದು ಇಲ್ಲಿಯ ವಾಡಿಕೆ. ಈ ಟೇಪಿನ ವಸ್ತು ಸಿಕ್ಕಿದ್ದೂ ಆಕಸ್ಮಿಕವಾಗಿ: 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಫ್ರಿಜ್ಜಿನ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದ ರಾಯ್ ಪ್ಲಂಕೆಟ್ ಅವರ ಸಿಲಿಂಡರಿನೊಳಗೆ ಅನಿಲದ ಬದಲು ಜಾರುವ ಬಿಳಿ ಪುಡಿ ಉಳಿದಿತ್ತು. ಅಂಟು ಎಂದು ಜನ ತಿಳಿದಿರುವ ಟೇಪು ನಿಜಕ್ಕೂ ಯಾವುದಕ್ಕೂ ಅಂಟದ ವಸ್ತು. ಅದು ಜಾರುವುದರಿಂದಲೇ ಥ್ರೆಡ್ಡುಗಳು ಆಳಕ್ಕೆ ಇಳಿದು ಸಂದಿ ಕಿರಿದಾಗುತ್ತದೆ, ಉಳಿದ ಸಂದಿಯನ್ನು ಅದೇ ತುಂಬುತ್ತದೆ.

ಹೀಗೆ ಕೂರಿಸುವಾಗ ಕಾಕಿನ ಬಾಯಿ ಮೇಲ್ಮುಖವಾಗಿ ನಿಲ್ಲದೆ ಚೂರು ಮುಂದೆ ಹೋಯಿತೆಂದು ಹಿಂದಕ್ಕೆ ತಿರುಗಿಸುವುದು ದೊಡ್ಡ ತಪ್ಪು. ಹಿಂದಕ್ಕೆ ತಿರುಗಿದ ಕ್ಷಣವೇ ಟೇಪಿನ ಬಿಗಿ ಮುರಿಯುತ್ತದೆ. ಪೂರ್ತಿ ಬಿಚ್ಚಿ, ಹೊಸ ಟೇಪ್ ಸುತ್ತಿ, ಸುತ್ತಿನ ಲೆಕ್ಕ ಹೆಚ್ಚುಕಡಿಮೆ ಮಾಡಿ ಮತ್ತೆ ಕೂರಿಸಬೇಕು. ಜಿಐ ಪೈಪಿನ ಕಾಲದ ಸೆಣಬು, ಸಫೇದಾ ಎಂಬ ಬಿಳಿ ಬಣ್ಣದ ಲೇಪ ಇಲ್ಲಿಗೆ ಬೇಡ. ಈಗಿನ ಸಿಪಿವಿಸಿ ಪೈಪಿಗೆ ಎಣ್ಣೆ, ಬಣ್ಣ, ಗ್ರೀಸು ಆಗದು. ಕೆಲವು ಎಣ್ಣೆಗಳು ತಾಗಿದ ಜಾಗದಲ್ಲಿ ಪ್ಲಾಸ್ಟಿಕ್ ಕಾಲಕ್ರಮೇಣ ಬಿರಿಯುತ್ತದೆ. ಹಾಗೆಯೇ ಲೋಹದ ಕಾಕನ್ನು ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ಬಿಗಿದರೆ ಪ್ಲಾಸ್ಟಿಕ್ಕೇ ಸೀಳುತ್ತದೆ. ಹಿತ್ತಾಳೆಯ ಥ್ರೆಡ್ ಒಳಕೂರಿಸಿದ ಎಲ್ಬೋಗಳು ಸಿಗುವುದು ಇದಕ್ಕಾಗಿಯೇ. ಮನೆ ಕಟ್ಟುವಾಗ ಅದರಲ್ಲಿ ಉಳಿಸಿದ ನಾಲ್ಕು ಕಾಸು ಕೊನೆಗೆ ಟೈಲ್ಸಿನ ಬೆಲೆಯಾಗಿ ತಿರುಗಿಬರುತ್ತದೆ.

ಪಕ್ಕದಲ್ಲೇ ತೂಗುವ ಹೆಲ್ತ್ ಫಾಸೆಟ್ಟಿಗೂ ಇವೇ ಮಾತುಗಳು ಅನ್ವಯ, ಒಂದು ಹೆಚ್ಚಿನ ಎಚ್ಚರದೊಂದಿಗೆ. ಅದರ ಕಾಕನ್ನು ಸದಾ ತೆರೆದಿಟ್ಟರೆ ಬಾಗುವ ಕೊಳವೆಯ ಮೇಲೆ ಹಗಲೂ ರಾತ್ರಿ ಪೂರ್ತಿ ಒತ್ತಡ ಇರುತ್ತದೆ. ಬಳಸಿದ ಮೇಲೆ ಕಾಕ್ ಮುಚ್ಚುವ ಮನೆಯಲ್ಲಿ ಕೊಳವೆ ಬಹುಕಾಲ ಬಾಳುತ್ತದೆ. ಊರಿಗೆ ಹೊರಟಾಗಲಂತೂ ಎರಡೂ ಕಾಕುಗಳನ್ನು ಮುಚ್ಚಲೇಬೇಕು. ಟ್ಯಾಂಕಿನ ಕಾಕನ್ನೂ ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತಿದ್ದರೆ ಸುಣ್ಣ ಕಟ್ಟಿ ಹಿಡಿದುಕೊಳ್ಳುವುದಿಲ್ಲ. ಗೋಡೆಯೊಳಗೆ ಹುದುಗಿಸಿದ ಟ್ಯಾಂಕಾದರೆ ಫ್ಲಶ್ ಗುಂಡಿಯ ಫಲಕವನ್ನು ತೆಗೆದಾಗ ಒಳಗೆ ಸಾಮಾನ್ಯವಾಗಿ ಪುಟ್ಟದೊಂದು ವಾಲ್ವ್ ಕಾಣುತ್ತದೆ, ಮುಚ್ಚಬೇಕಾದುದು ಅದನ್ನು.

ಮನೆಯವರ ಕೈಗೆ ನಿಲುಕದ್ದು ಒಂದೇ, ಗೋಡೆಯೊಳಗಿನ ಸೋರಿಕೆ. ಕಾಕಿನ ಹಿಂದಿನ ಸ್ಟೀಲ್ ತಟ್ಟೆಯನ್ನು ಸರಿಸಿದಾಗ ಒಳಗಿನಿಂದ ನೀರು ಇಳಿಯುತ್ತಿದ್ದರೆ, ಕಾಕಿಗೆ ಹೊಸ ಟೇಪ್ ಹಾಕಿದರೂ ನಿಲ್ಲದಿದ್ದರೆ, ಗೋಡೆಯ ಆಚೆಬದಿಯ ಬಣ್ಣ ಗುಳ್ಳೆಯೆದ್ದಿದ್ದರೆ, ಕೆಳಗಿನ ಮನೆಯ ಸೂರಿನಲ್ಲಿ ಹಳದಿ ಕಲೆ ಹಬ್ಬುತ್ತಿದ್ದರೆ ಎಲ್ಬೋ ಬಿರಿದಿದೆ ಅಥವಾ ಅಂಟಿಸಿದ ಜಾಗ ಬಿಟ್ಟಿದೆ. ಹೊರಗಿನಿಂದ ಎಂ-ಸೀಲಿನಂಥದ್ದನ್ನು ಮೆತ್ತುವುದರಿಂದ ಫಲವಿಲ್ಲ. ಒದ್ದೆ ಮೈಗೆ ಅದು ಸರಿಯಾಗಿ ಹಿಡಿಯದು, ಒಳಗಿನಿಂದ ಒತ್ತುವ ನೀರು ಅದನ್ನು ಎಬ್ಬಿಸುತ್ತದೆ ಅಥವಾ ಗೋಡೆಯೊಳಗೇ ಬೇರೆ ದಾರಿ ಹುಡುಕುತ್ತದೆ. ಇಂಥಲ್ಲಿ ತಾರಸಿಯ ವಾಲ್ವ್ ಮುಚ್ಚಿ ಪ್ಲಂಬರನ್ನು ಕರೆಯುವುದೊಂದೇ ಉಳಿದಿರುವುದು. ಅವರು ಬರುವುದು ಎರಡು ದಿನ ತಡವಾದರೂ ಶೌಚಾಲಯಕ್ಕೆ ಬೀಗ ಹಾಕಬೇಕಿಲ್ಲ. ಫ್ಲಶ್ ಟ್ಯಾಂಕಿಗೆ ಹನಿ ನೀರು ಬಾರದಿದ್ದರೂ, ಅರ್ಧ ಬಕೆಟ್ ನೀರನ್ನು ಒಂದೇ ಸಲಕ್ಕೆ ರಭಸವಾಗಿ ಸುರಿದರೆ ಕಮೋಡ್ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ.